ಹಡಗಿನ ಪಂಕ್ತಿ

ಫಕ್ಕೀರವ್ವನಿಗೆ ಹಡಗಿನ ಹುಚ್ಚು ಹಿಡಿದದ್ದು ಸಮುದ್ರ ನೋಡುವ ಆಸೆಯಿಂದೇನೂ ಅಲ್ಲ. ಸಮುದ್ರವೆಂದರೆ ಉಪ್ಪುನೀರು, ಉಪ್ಪೆಂದರೆ ಡಾಕ್ಟರು ಮುಟ್ಟಲೇಬೇಡ ಅಂದದ್ದು. ಅದನ್ನು ರೊಕ್ಕ ಕೊಟ್ಟು ನೋಡುವಂಥದ್ದೇನಿದೆ ಎಂಬುದು ಆಕೆಯ ತಕರಾರು. ಆದರೆ ಸವಣೂರಿನ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಸೊಸೆ ಶೈಲಶ್ರೀಯ ಮೊಬೈಲು ನೋಡುತ್ತಿದ್ದಾಗ, ಯಾರೋ ಹುಬ್ಬಳ್ಳಿ ಕಡೆಯ ಹೆಂಗಸು ಹಡಗಿನಲ್ಲಿ ಮನೆಮಂದಿಯ ಜೊತೆ ಊಟಕ್ಕೆ ಕೂತ ವಿಡಿಯೋ ಬಂತು. ದುಂಡು ಮೇಜು, ಸುತ್ತ ಅಣ್ಣ ತಂಗಿ ಅತ್ತಿಗೆ ಮೈದುನ ಎಲ್ಲರೂ, ಗಾಜಿನಾಚೆ ನೀರೋ ನೀರು. ಮುದುಕಿ ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ಮೇಜಿನ ಮೇಲೇನಿದೆ ಅಂತ ಕೇಳಲಿಲ್ಲ, ಹಡಗು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಲಿಲ್ಲ.

"ಶೈಲಾ, ಉಣ್ಣುವಾಗ ಯಾರಿಗರ ಸಿಟ್ಟ ಬಂದು ಎದ್ದರಂದ್ರ, ಹಡಗಿನ್ಯಾಗಿಂದ ಎಲ್ಲಿಗಿ ಹೋಗ್ತಾರ?"

"ಎಲ್ಲಿಗಿ ಹೋಗ್ತಾರ್ರಿ ಅತ್ತಿ? ಸುತ್ತೆಲ್ಲಾ ನೀರ ಇರ್ತೇತಿ."

"ಹಂಗಾರ ನನ್ನ ಅಲ್ಲಿಗಿ ಕರ್ಕೊಂಡ ಹೋಗ್ರಿ. ನನ್ನ ಮಗನ್ನ, ಮಗಳನ್ನ ಒಂದ ಮೇಜಿಗಿ ಕುಂದರ್ಸಿ ಉಣ್ಣೂದು ನೋಡ್ತೇನಿ. ಆಮ್ಯಾಲ ಆ ದವಾಖಾನಿ ಮಶೀನು ಬ್ಯಾಡ, ಏನೂ ಬ್ಯಾಡ."

ಮುದುಕಿಗೆ ಅರಳುಮರಳು ಅಂತ ನಗುವುದಕ್ಕೆ ಶೈಲಶ್ರೀಗೆ ಬಾಯಿ ಬರಲಿಲ್ಲ. ಆ ಮನೆಯಲ್ಲಿ ಆ ಒಂದು ಊಟದ ಬೆಲೆ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಮಗ ಶಂಭುಲಿಂಗ ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರಿ. ಮಗಳು ನೀಲವ್ವನನ್ನು ಹಾನಗಲ್ಲ ತಾಲ್ಲೂಕಿನ ಆಡೂರಿಗೆ ಕೊಟ್ಟಿದ್ದರು. ಒಂದು ಕಾಲಕ್ಕೆ ಅಣ್ಣ ತಂಗಿ ಒಂದೇ ತಾಟಿನಲ್ಲಿ ಉಂಡವರು. ನೀಲವ್ವನ ಗಂಡ ಗುಡ್ಡಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಗಿರಣಿ ಮುಚ್ಚಿದ ವರ್ಷ ಆಕೆ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದಳು. ಬಂದಳು, ಉಳಿದಳು. ಒಂದು ಮಧ್ಯಾಹ್ನ ಶಂಭುಲಿಂಗ ಪೇಟೆಯಿಂದ ಬಂದಾಗ ಮೋರೆ ಸುಟ್ಟಂತಿತ್ತು. ಲಾರಿ ದಾರಿಯಲ್ಲಿ ನಿಂತು ಎಲೆಯ ಪೆಂಡಿಗಳೆಲ್ಲ ಕೊಳೆತು ಹೋಗಿದ್ದವು. ತಂಗಿ ತನ್ನ ಮಗಳಿಗೆ ಇನ್ನೊಂದು ಸೌಟು ಅನ್ನ ಬಡಿಸುವುದನ್ನು ನೋಡಿದವನೇ, "ಎಲಿ ಕೊಳೆಯೂದು ವರ್ಷಕ್ಕ ಒಂದ ಸಲ, ಕುಂತ ಉಣ್ಣೋರು ಮಾತ್ರ ವರ್ಷಾನಗಟ್ಲೆ" ಅಂದುಬಿಟ್ಟ. ಸಿಟ್ಟು ಎಲೆಯ ಮೇಲಿನದು, ಬಿದ್ದದ್ದು ತಂಗಿಯ ಮೇಲೆ. ನೀಲವ್ವ ಅನ್ನವಿದ್ದ ತಾಟಿನಲ್ಲೇ ಕೈ ತೊಳೆದಳು. ಎದ್ದು ನಿಂತು ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದು, "ಅಣ್ಣಾ, ನಿನ್ನ ಮನಿ ಅನ್ನ ಆಗ್ಲಿ, ನಿನ್ನ ರೊಕ್ಕದ ಅನ್ನ ಆಗ್ಲಿ, ಇವತ್ತಿಂದ ಒಂದ ಅಗಳ ನನ್ನ ಹೊಟ್ಟಿಗಿ ಹೋದ್ರ ಈ ಲಿಂಗದ ಆಣಿ" ಅಂದಳು.

ಲಿಂಗದ ಆಣೆ ಅಂದಮೇಲೆ ಅದನ್ನು ಬಿಡಿಸುವವರು ಯಾರು? ಮಠದ ಅಜ್ಜಾರು ಹೇಳಿ ನೋಡಿದರು, ಬೀಗರು ಹೇಳಿ ನೋಡಿದರು. ನೀಲವ್ವ ಎಲ್ಲರಿಗೂ ಕೈ ಮುಗಿದಳು, ಯಾರ ಮಾತೂ ಕೇಳಲಿಲ್ಲ. ಮದುವೆ ಮುಂಜಿಗಳಲ್ಲಿ, ಅದು ಬೇರೆಯವರ ಮನೆಯ ಅನ್ನವಾದ್ದರಿಂದ, ಆಕೆ ಊಟಕ್ಕೆ ಕೂರುತ್ತಿದ್ದಳು. ಆಗ ಎದ್ದು ಹೋಗುತ್ತಿದ್ದವನು ಶಂಭುಲಿಂಗ. ತಾಯಿ ಉಪಾಯ ಮಾಡಿ ಇಬ್ಬರನ್ನೂ ತನ್ನ ಎಡಬಲಕ್ಕೆ ಕೂರಿಸಿಕೊಂಡರೂ ಅನ್ನ ಬಡಿಸುವ ಹೊತ್ತಿಗೆ ಅವನಿಗೊಂದು ಫೋನು ಬರುತ್ತಿತ್ತು. ಮಂದಿ ಅದನ್ನು ಸೊಕ್ಕು ಅಂದರು. ಶೈಲಶ್ರೀಗೆ ಗೊತ್ತಿತ್ತು, ಅದು ಸೊಕ್ಕಲ್ಲ. ತಂಗಿ ತುತ್ತು ಬಾಯಿಗೆ ಇಡುವುದನ್ನು ಕಂಡರೆ ತಾನಂದ ಮಾತು ನೆನಪಾಗಿ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ತಪ್ಪಾಯಿತು ಅನ್ನುವ ಒಂದು ಮಾತು ಆಡುವುದಕ್ಕಿಂತ ಹಸಿದು ಏಳುವುದು ಆ ಗಂಡಸಿಗೆ ಸುಲಭವಾಗಿತ್ತು.

ಈಗ ಫಕ್ಕೀರವ್ವನ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಶೈಲಶ್ರೀ ಆಕೆಯನ್ನು ಶಿಗ್ಗಾಂವಿಯ ದವಾಖಾನೆಗೆ ಕರೆದೊಯ್ದು ರಕ್ತ ತೊಳೆಸಿಕೊಂಡು ಬರುತ್ತಿದ್ದಳು. ಹೃದಯವೂ ಸೋತಿದೆ, ಬಹಳ ದಿನದ ಮಾತಲ್ಲ ಅಂತ ಡಾಕ್ಟರು ಶೈಲಶ್ರೀಯನ್ನೊಬ್ಬಳನ್ನೇ ಕರೆದು ಹೇಳಿದ್ದರು. ಅವ್ವನಿಲ್ಲದೆ ಬೆಳೆದು ಆ ಮನೆಗೆ ಬಂದ ಸೊಸೆ ಆಕೆ. ರೊಟ್ಟಿ ಬಡಿಯುವುದರಿಂದ ಹಿಡಿದು ಕೂಸಿಗೆ ನೀರೆರೆಯುವವರೆಗೆ ಎಲ್ಲ ಕಲಿಸಿದವಳು, ಜ್ವರ ಬಂದರೆ ಹಣೆ ಒತ್ತಿದವಳು ಈ ಅತ್ತೆ. ಆಕೆ ಜೀವಮಾನದಲ್ಲಿ ತನಗೆ ಅಂತ ಕೇಳಿದ್ದು ಇದೊಂದೇ ಊಟ. ಅದನ್ನು ಆಗಮಾಡದೆ ಕಳಿಸಿದರೆ ತಾನು ಎಂಥ ಸೊಸೆ ಅಂತ ಶೈಲಶ್ರೀ ಹಠ ಹಿಡಿದಳು.

ದವಾಖಾನೆಗೆ ಹೋಗುವ ಎರಡು ದಿನಗಳಲ್ಲಿ ಒಂದು ದಿನ ನೀಲವ್ವನೂ ಆಡೂರಿನಿಂದ ಬರುತ್ತಿದ್ದಳು. ತವರುಮನೆಯ ಹೊಸ್ತಿಲು ತುಳಿಯದವಳಿಗೆ ಅವ್ವನ ಮುಖ ಕಾಣುವುದಕ್ಕೆ ಅದೊಂದೇ ಜಾಗ. ರಕ್ತ ತೊಳೆಸಿಕೊಂಡು ಹೊರಬಂದ ಫಕ್ಕೀರವ್ವನನ್ನು ಬೇವಿನಗಿಡದ ಕೆಳಗಿನ ಬೆಂಚಿನ ಮೇಲೆ ಕೂರಿಸಿ ಶೈಲಶ್ರೀ ಬುತ್ತಿ ಬಿಚ್ಚುತ್ತಿದ್ದಳು. ಬಿಳಿ ಜೋಳದ ರೊಟ್ಟಿ, ಬೇಯಿಸಿ ನೀರು ಚೆಲ್ಲಿದ ಪಲ್ಯ, ಯಾವುದರಲ್ಲೂ ಉಪ್ಪಿನ ಹರಳಿಲ್ಲ. ಮೂವರೂ ಅದನ್ನೇ ಉಣ್ಣುತ್ತಿದ್ದರು. ನೀಲವ್ವ ಮೊದಮೊದಲು ಒಲ್ಲೆ ಅಂದಿದ್ದಳು. ಆಗ ಶೈಲಶ್ರೀ, "ಇದು ನಿಮ್ಮಣ್ಣನ ಮನಿ ಜ್ವಾಳಲ್ಲ ನೀಲಾ, ಹಿರೇಕೆರೂರಿಂದ ನನ್ನ ತವರವ್ರು ಕಳಿಸಿದ್ದು" ಅಂತ ಹೇಳಿ ತುತ್ತು ಕೈಗಿಟ್ಟಿದ್ದಳು. ಅದು ಖರೆಯೇ ಆಗಿತ್ತು. ಸುಗ್ಗಿ ಮುಗಿದ ಮೇಲೆ ತಮ್ಮ ಒಂದು ಚೀಲ ಜೋಳ ಅಕ್ಕನಿಗೆ ಕಳಿಸುವುದು ಅವರ ಮನೆಯ ಪದ್ಧತಿ. ಆದರೆ ಈ ವರ್ಷ ಅವನು ಬಿಳಿ ಜೋಳ ಬಿಟ್ಟು ಹೊಲಕ್ಕೆಲ್ಲ ಗೋವಿನಜೋಳ ಹಾಕಿಬಿಟ್ಟ. ಚೀಲ ಬರಲಿಲ್ಲ. ಹಳೆಯದು ಖಾಲಿಯಾದ ದಿನ ಶೈಲಶ್ರೀ ಮನೆಯ ಡಬ್ಬಿಯಿಂದಲೇ ಹಿಟ್ಟು ತೆಗೆದು ರೊಟ್ಟಿ ಬಡಿದಳು. ಆವತ್ತು ನೀಲವ್ವ ಕೇಳಲಿಲ್ಲ, ಈಕೆ ಹೇಳಲೂ ಇಲ್ಲ. ಆಮೇಲೆ ಹೇಳುವುದು ಹೇಗೆ?

ಸವಣೂರಿನ ಬಸ್‌ಸ್ಟ್ಯಾಂಡಿನ ಎದುರು ರಮೀಜನ ಟಿಕೆಟ್ಟಿನ ಅಂಗಡಿ. ಅಜ್ಮೀರಕ್ಕೆ, ಉಮ್ರಾಕ್ಕೆ ಮಂದಿಯನ್ನು ಕಳಿಸಿ ಕಳಿಸಿ ಹೆಸರಾದ ಹುಡುಗ. ಶೈಲಶ್ರೀ ಹಡಗು ಅಂದಾಗ ಅವನು ಕುರ್ಚಿಯಿಂದ ಎದ್ದೇ ನಿಂತ.

"ಅಕ್ಕಾರ, ವಿಮಾನದಾಗ ಕಳಿಸೇನಿ, ರೈಲಿನ್ಯಾಗ ಕಳಿಸೇನಿ. ನಮ್ಮ ಸವಣೂರಿಂದ ಹಡಗಿನ್ಯಾಗ ಹೊಂಟೋರು ನೀವ ಮೊದಲನೇದವ್ರು ನೋಡ್ರಿ."

ಗೋವಾದಲ್ಲಿ ಹತ್ತಿ, ಎರಡು ರಾತ್ರಿ ನೀರಿನ ಮೇಲಿದ್ದು, ತಿರುಗಿ ಗೋವಾದಲ್ಲೇ ಇಳಿಯುವ ಒಂದು ಹಡಗು ಸಿಕ್ಕಿತು. ರಕ್ತ ತೊಳೆಯುವ ಒಂದು ಪಾಳಿಗೂ ಇನ್ನೊಂದಕ್ಕೂ ನಡುವೆ ಹೋಗಿಬರಬಹುದು ಅಂತ ಡಾಕ್ಟರು ಚೀಟಿ ಬರೆದುಕೊಟ್ಟರು. ನೀರು ಹಿಡಿತದಲ್ಲಿರಲಿ, ಉಪ್ಪು ಮುಟ್ಟಿದರೆ ಉಸಿರು ಕಟ್ಟುತ್ತದೆ, ಜೋಕೆ ಅಂದರು. ಇಷ್ಟಾಗುವಷ್ಟರಲ್ಲಿ ಊಟದ ರಗಳೆ ಶುರುವಾಯಿತು. ಹೊರಗಿನ ಊಟ ಹಡಗಿನೊಳಕ್ಕೆ ಬಿಡುವುದಿಲ್ಲ, ಒಂದು ರೊಟ್ಟಿ ಕೂಡ. ಅಲ್ಲಿ ಒಂದೇ ಅಡುಗೆಮನೆಯಲ್ಲಿ ಮೀನು ಮಾಂಸ ಎಲ್ಲ ಬೇಯುತ್ತದೆ ಅಂತ ಕೇಳಿ ಫಕ್ಕೀರವ್ವ, "ಲಿಂಗಪೂಜಿ ಮಾಡಿಕೊಂಡು ಅದರಾಗ ಅದ್ದಿದ ಸೌಟಿನ ಸಾರ ಉಣ್ಣಲೇನು?" ಅಂದಳು. ಜೈನರಿಗೆ ಬೇರೆ ಪಾತ್ರೆ, ಬೇರೆ ಒಲೆ ಉಂಟು ಅಂತ ರಮೀಜ ಹುಡುಕಿ ತೆಗೆದ. ಜೈನರ ಊಟದಲ್ಲಿ ಉಳ್ಳಾಗಡ್ಡಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಬಟಾಟೆಯಿಲ್ಲ.

"ಉಳ್ಳಾಗಡ್ಡಿ ಇಲ್ಲದ ಊಟಕ್ಕ ಇಷ್ಟ ರೊಕ್ಕಾ?" ಅಂತ ಶಂಭುಲಿಂಗ ಕೂಗಾಡಿದ. ಅವನಿಗೆ ಬೇರೆ ಸಕ್ಕರೆ ಬೇನೆ. ಅನ್ನ ಬೇಡ, ಸಿಹಿ ಬೇಡ, ಹೊತ್ತಿಗೆ ಸರಿಯಾಗಿ ರೊಟ್ಟಿ ಬೇಕು. ಹಡಗಿನವರಿಗೆ ಜೋಳದ ರೊಟ್ಟಿ ಅಂದರೆ ಏನೆಂದೇ ಗೊತ್ತಿಲ್ಲ.

ಶೈಲಶ್ರೀ ಸುಮ್ಮನಾಗಲಿಲ್ಲ. ಅತ್ತೆಗೆ ಉಪ್ಪಿಲ್ಲದ್ದು, ಗಂಡನಿಗೆ ಸಕ್ಕರೆಯಿಲ್ಲದ್ದು, ಎಲ್ಲರಿಗೂ ಮಾಂಸದ ಒಲೆ ತಾಗದ್ದು, ಒಂದೊಂದನ್ನೂ ರಮೀಜನ ಬೆನ್ನು ಹತ್ತಿ ಹಡಗಿನವರಿಂದ ಹೂಂ ಅನ್ನಿಸಿದಳು. ಬೇಯಿಸಿದ ತರಕಾರಿ ಕೊಡ್ತೇವೆ, ಗೋಧಿ ಚಪಾತಿ ಕೊಡ್ತೇವೆ ಅಂದರು. ಇನ್ನು ಉಳಿದದ್ದು ರೊಕ್ಕ. ಎಲೆಗೆ ಆ ವರ್ಷ ಬೆಲೆ ಇರಲಿಲ್ಲ. ಶಂಭುಲಿಂಗ ಕೈಚೆಲ್ಲಿ ಹೇಳಿದ, "ಅವ್ವಂದು, ನಂದು, ನಿಂದು, ಮೂರು ಮಂದಿಗೆ ಆಗೂ ಅಷ್ಟ ಐತಿ. ಅದೂ ಕಿಡಕಿ ಇಲ್ಲದ ಖೋಲಿ."

"ಸಮುದ್ರಾ ನೋಡಾಕ ಹೋಗಿ ಕಿಡಕಿ ಇಲ್ಲದ ಖೋಲ್ಯಾಗ ಮಲಗೂದಾ?" ಅಂತ ಶೈಲಶ್ರೀ ನಕ್ಕಳು.

"ಅವ್ವಗ ಬೇಕಾದದ್ದು ಊಟದ ಮೇಜು. ಸಮುದ್ರಾ ಯಾರಿಗಿ ಬೇಕಾಗೇತಿ?" ಎಂದವನು ತಡೆದು, ಗೋಡೆ ನೋಡುತ್ತ ಅಂದ, "ಆಕಿ ನನ್ನ ರೊಕ್ಕದಾಗ ಬರಂಗಿಲ್ಲ. ತನ್ನದು ತಾನ ಕೊಡ್ಲಿ. ಹಂಗ ಬಂದ್ರ ನಾ ಎದ್ದು ಹೋಗಂಗಿಲ್ಲ. ಅವ್ವಗ ಹೇಳು."

ಆ ಮಾತು ಕೇಳಿ ಶೈಲಶ್ರೀಯ ಕಣ್ಣು ತುಂಬಿ ಬಂತು. ಇಷ್ಟು ವರ್ಷಗಳಲ್ಲಿ ಅವನ ಬಾಯಿಂದ ಅದಕ್ಕಿಂತ ಮೆತ್ತನೆಯ ಮಾತು ಬಂದಿರಲಿಲ್ಲ.

ಹಡಗಿನ ಟಿಕೆಟ್ಟಿನಲ್ಲೇ ಊಟವೂ ಸೇರಿರುತ್ತದೆ. ಅವರವರ ಟಿಕೆಟ್ಟು ಅವರವರ ಅನ್ನ. ನೀಲವ್ವ ತನ್ನ ಟಿಕೆಟ್ಟು ತಾನು ತೆಗೆಸಿದರೆ ತನ್ನ ಅನ್ನ ತಾನು ಉಂಡಂತೆ, ಆಣೆಗೆ ಭಂಗವಿಲ್ಲ. ಅಣ್ಣ ಎದ್ದರೆ ಹೋಗುವುದಕ್ಕೆ ದಾರಿಯಿಲ್ಲ. ಫಕ್ಕೀರವ್ವನ ತಲೆ ಅರಳುಮರಳಾಗಿರಲಿಲ್ಲ, ಊರ ಹಿರಿಯರಿಗೆಲ್ಲ ಹೊಳೆಯದ್ದು ಆಕೆಗೆ ಹೊಳೆದಿತ್ತು. ಬೆಂಚಿನ ಮೇಲೆ ಇದನ್ನು ಕೇಳಿ ನೀಲವ್ವ ಬಹಳ ಹೊತ್ತು ಅವ್ವನ ಊದಿದ ಪಾದ ತಿಕ್ಕುತ್ತ ಕೂತಳು.

"ಅಂವ ಕೂಡ್ತೇನಂದಾನ?"

"ಅಂದಾರ. ಖರೇನ ಅಂದಾರ ನೀಲಾ."

"ನನ್ನ ಕಡೆ ಅಷ್ಟ ರೊಕ್ಕಾ ಎಲ್ಲೈತ್ರಿ ವೈನಿ? ಹಾನಗಲ್ಲ ಖಾನಾವಳಿಗಿ ರೊಟ್ಟಿ ಬಡದ ಕೂಡಿಟ್ಟದ್ದು ಅರ್ಧಕ್ಕಷ್ಟ ಆಗ್ತೇತಿ."

ಆಕೆಯ ಮುಖ ನೋಡಿ ಶೈಲಶ್ರೀಗೆ ಸುಳ್ಳು ತಾನಾಗಿ ಬಾಯಿಗೆ ಬಂತು. "ಪೇಶಂಟ್ ಜೋಡಿ ಬರೋ ಹೆಣ್ಣಮಕ್ಕಳಿಗೆ ಹಡಗಿನ್ಯಾಗ ಅರ್ಧಾ ರೇಟಂತ. ಬಸ್ಸಿನ್ಯಾಗ ಫ್ರೀ ಇಲ್ಲೇನು? ಹಂಗ."

ಆಧಾರ ಕಾರ್ಡು ತೋರಿಸಿ ಆಡೂರಿನಿಂದ ಪುಕ್ಕಟೆ ಬಂದಿಳಿಯುವ ಹೆಂಗಸಿಗೆ ಅದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ. ಮುಂದಿನ ಸಲ ಬಂದಾಗ ಸೆರಗಿನ ಗಂಟು ಬಿಚ್ಚಿ ರೊಕ್ಕ ಕೊಟ್ಟಳು. ಕೊಡುವಾಗ ಆಕೆಯ ಮೋರೆಯ ಮೇಲಿದ್ದ ಠೀವಿ ನೋಡಬೇಕಿತ್ತು, ಹಡಗನ್ನೇ ಕೊಂಡವರ ಠೀವಿ. ಫಕ್ಕೀರವ್ವ ಆವತ್ತು ಮಗಳ ಗಲ್ಲ ಹಿಡಿದು ಅತ್ತೇಬಿಟ್ಟಳು.

ಉಳಿದರ್ಧ ಎಲ್ಲಿಂದ ತರುವುದೆಂಬುದು ಶೈಲಶ್ರೀಗೆ ಮೊದಲೇ ಗೊತ್ತಿತ್ತು. ತನ್ನ ಸೀಟು ರದ್ದು ಮಾಡಿ ಆ ರೊಕ್ಕವನ್ನು ನೀಲವ್ವನ ಸೀಟಿಗೆ ತುಂಬು ಅಂತ ರಮೀಜನಿಗೆ ಹೇಳಿದಳು. ಹೊರಡುವ ದಿನ ಜ್ವರ ಬಂದಿದೆ ಅಂತ ಮಲಗಿದರಾಯಿತು. ಆಕೆಗೂ ಸಮುದ್ರ ನೋಡುವ ಆಸೆಯಿತ್ತು. ಹಿರೇಕೆರೂರು, ಸವಣೂರು, ಶಿಗ್ಗಾಂವಿ ಇಷ್ಟರಲ್ಲೇ ಆಕೆಯ ಆಯುಷ್ಯ ಕಳೆದಿತ್ತು. ಆದರೆ ಆ ಮೇಜಿನ ಸುತ್ತ ಇರಬೇಕಾದವರು ಮೂವರು, ನಾಲ್ಕನೆಯವಳು ಬಡಿಸುವವಳು, ಹಡಗಿನಲ್ಲಿ ಬಡಿಸುವುದಕ್ಕೆ ಬೇರೆ ಮಂದಿ ಇರುತ್ತಾರೆ. ಹಾಗಂತ ತನಗೆ ತಾನೇ ಹೇಳಿಕೊಂಡಳು. ರಮೀಜ, "ಶಂಭುಲಿಂಗ ಭಾಯಾರಿಗೆ ಗೊತ್ತಾದ್ರ ಏನ ಮಾಡೂದ್ರಿ ಅಕ್ಕಾರ?" ಅಂತ ಕೇಳಿದ.

"ನಮ್ಮವ್ರಿಗೆ ಮಾತ್ರ ಹೇಳಬ್ಯಾಡ ತಮ್ಮಾ."

ಎಂಥ ಜಾಣೆ ನಮ್ಮ ಶೈಲಶ್ರೀ! ಗಂಡನಿಗೆ ಹೇಳಬೇಡ ಅಂದವಳಿಗೆ ನಾದಿನಿಗೂ ಹೇಳಬೇಡ ಅನ್ನುವುದು ಹೊಳೆಯಲೇ ಇಲ್ಲ. ಹಡಗಿನವರು ಒಬ್ಬೊಬ್ಬರ ಊಟದ ಆಯ್ಕೆಯನ್ನು ಅವರವರ ಬಾಯಿಂದಲೇ ಕೇಳಿ ತಿಳಿಸಿ ಅಂದಿದ್ದರು. ರಮೀಜ ನಿಯತ್ತಿನ ಹುಡುಗ. ಆಡೂರಿಗೆ ಫೋನು ಹಚ್ಚಿದ.

ಮರುವಾರ ಬೆಂಚಿನ ಹತ್ತಿರ ಬಂದ ನೀಲವ್ವ ಕೂಡಲಿಲ್ಲ. ಫಕ್ಕೀರವ್ವ ಇನ್ನೂ ಒಳಗೆ ಮಶೀನಿನ ಮೇಲಿದ್ದಳು. ಶೈಲಶ್ರೀ ಬುತ್ತಿಯ ಗಂಟು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.

"ರಮೀಜ ಫೋನ್ ಮಾಡಿದ್ದಾ. ಜೈನರ ಊಟ ನಡಿತೇತೇನ್ರಿ ಅಂದಾ, ನಡಿತೇತಿ ಅಂದೆ. ಆಮ್ಯಾಲ ಅಂದಾ, ನಿಮ್ಮ ವೈನಿಯಂಥಾ ಹೆಣ್ಣಮಗಳನ್ನ ನಾ ಎಲ್ಲೂ ನೋಡಿಲ್ರಿ, ತಮ್ಮ ಸೀಟ್ ಬಿಟ್ಟು ನಿಮ್ಮ ಸೀಟಿಗಿ ತುಂಬ್ಯಾರ ಅಂತ. ಖರೇ ಏನು?"

ಶೈಲಶ್ರೀ ಎದ್ದು ನಿಂತಳು. "ಅದು ನನ್ನ ಸೀಟಿನ ರೊಕ್ಕಾ, ನೀಲಾ. ನಂದು."

"ನಿಮ್ಮ ಸೀಟಿಗಿ ರೊಕ್ಕಾ ಕೊಟ್ಟಾಂವ ಯಾರು?"

ನೀಲವ್ವನ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು.

"ನಾ ಹಡಗಿನ್ಯಾಗ ಕುಂತು, ನನ್ನ ರೊಕ್ಕದಾಗ ಉಣ್ಣಾಕತ್ತೇನಿ ಅಂತ ಅಂವನ ಮುಂದ ತಲಿ ಎತ್ತಿ ಉಣ್ಣಾಕಿ ಇದ್ನಿ. ಅಂವನ ಅನ್ನಾನ ನನಗ ಉಣಿಸಾಕ ಹೊಂಟಿದ್ರಿ, ನನಗ ಗೊತ್ತಿಲ್ಲದಂಗ. ಲಿಂಗದ ಆಣಿ ಮಾಡೀನಿ ವೈನಿ ನಾನು. ನಿಮಗ ಅದು ಆಟ ಆತಲ್ಲ?"

"ಅತ್ತಿ ಸಲುವಾಗಿ ಮಾಡಿದ್ನಿ. ಅವ್ರದು ಬಾಳ ದಿನ ಇಲ್ಲ ನೀಲಾ. ನೋಡಿ ಕಣ್ಣ ಮುಚ್ಚಲಿ ಅಂತ..."

ನೀಲವ್ವ ಬುತ್ತಿಯ ಗಂಟು ನೋಡಿದಳು. ಆಕೆಯ ಮೋರೆ ನಿಧಾನಕ್ಕೆ ಬಣ್ಣ ಕಳೆದುಕೊಳ್ಳುತ್ತ ಹೋಯಿತು.

"ಒಂದ ಮಾತ ಕೇಳ್ತೇನಿ. ಅವ್ವನ ತಲಿ ಮ್ಯಾಲ ಕೈ ಇಟ್ಟಂಗ ಹೇಳ್ರಿ. ಇಲ್ಲೀತನಕ ನಾ ಈ ಬೆಂಚಿನ ಮ್ಯಾಲ ಉಂಡ ರೊಟ್ಟಿ ಯಾರ ಮನಿ ಜ್ವಾ‍ಳದ್ದು?"

ಸುಳ್ಳು ಹೇಳಬಹುದಿತ್ತು. ಹಿರೇಕೆರೂರಿನದು ಅಂದಿದ್ದರೆ ನೀಲವ್ವ ನಂಬುತ್ತಿದ್ದಳೇನೋ. ಆದರೆ ಮಶೀನಿನ ಮೇಲೆ ಮಲಗಿರುವ ಜೀವದ ಹೆಸರು ತೆಗೆದು ಕೇಳಿದ ಮಾತಿಗೆ ಶೈಲಶ್ರೀಯ ನಾಲಿಗೆ ಹೊರಳಲಿಲ್ಲ. ಆಕೆ ತಲೆ ತಗ್ಗಿಸಿದಳು. ಅಷ್ಟು ಸಾಕಾಯಿತು.

ನೀಲವ್ವ ನಳದ ಹತ್ತಿರ ಹೋದಳು. ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು, ಗಂಟಲಿಗೆ ಬೆರಳು ಹಾಕಿ ಕಾರಲು ನೋಡಿದಳು. ಎಂದೋ ಉಂಡ ರೊಟ್ಟಿ ಈಗ ಹೇಗೆ ಬಂದೀತು? ಬರೀ ನೀರು ಬಂತು, ಕಣ್ಣಲ್ಲೂ ಬಾಯಲ್ಲೂ. ಶೈಲಶ್ರೀ ಓಡಿಹೋಗಿ ಬೆನ್ನು ಸವರಲು ಕೈ ಚಾಚಿದಾಗ ಆಕೆ ಹಾವು ಕಂಡವಳಂತೆ ಹಿಂದೆ ಸರಿದು, ಕೊರಳಿನ ಲಿಂಗವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು.

"ಅಣ್ಣಾ ಬಾಯಲೆ ಅಂದಾ. ನೀವು ಬಾಯಾಗ ಇಟ್ರಿ. ಅಂವಂದ ಎಷ್ಟೋ ಚೊಲೊ ಇತ್ತು ವೈನಿ."

ಅವ್ವನನ್ನು ಕಾಣದೆಯೇ ಆಕೆ ಹಾನಗಲ್ಲಿನ ಬಸ್ಸು ಹತ್ತಿ ಹೋದಳು. ಹೊರಬಂದ ಫಕ್ಕೀರವ್ವ, "ನೀಲಾ ಎಲ್ಲಿ?" ಅಂದಳು. ಶೈಲಶ್ರೀಗೆ ಇನ್ನೊಂದು ಸುಳ್ಳು ಹೊರುವ ಶಕ್ತಿ ಉಳಿದಿರಲಿಲ್ಲ. ಆದದ್ದನ್ನೆಲ್ಲ ಬೆಂಚಿನ ಮೇಲೆ ಕೂತು ಹೇಳಿದಳು. ಮುದುಕಿ ಬೈಯಲಿಲ್ಲ.

"ಜ್ವಾಳದ ಚೀಲ ಮುಗದದ್ದು ನನಗೂ ಗೊತ್ತಿತ್ತವಾ. ಮಗಳು ಉಣ್ಣಾಕತ್ತಿದ್ಲು. ನಾನೂ ಸುಮ್ಮ ಇದ್ನಿ."

ಹಡಗು ಅಲ್ಲಿಗೆ ಮುಗಿಯಿತು. ರಮೀಜ ವಿಷಯ ತಿಳಿದು ಹಣೆ ಹಣೆ ಬಡಿದುಕೊಂಡ. ಟಿಕೆಟ್ಟಿನ ರೊಕ್ಕದಲ್ಲಿ ತಿರುಗಿ ಬಂದದ್ದರಿಂದ ನೀಲವ್ವ ಕೊಟ್ಟಿದ್ದಷ್ಟನ್ನು ಶೈಲಶ್ರೀ ಆಡೂರಿಗೆ ಕಳಿಸಿದಳು. ಶಂಭುಲಿಂಗ ಎಲ್ಲ ಕೇಳಿಸಿಕೊಂಡು, "ನಾ ಮೊದಲ ಹೇಳಿದ್ನಿ" ಅಂದ. ಅವನು ಮೊದಲು ಏನೂ ಹೇಳಿರಲಿಲ್ಲ. ಸಂಜೆ ಅಟ್ಟದ ಮೇಲಿಂದ ಒಂದು ಡಬ್ಬಿ ಇಳಿಸಿಕೊಂಡು ಬಂದು ಹೆಂಡತಿಯ ಮುಂದಿಟ್ಟ. ಅದರೊಳಗೆ ಹೆಂಗಸರ ಬಟ್ಟೆಯ ಬೂಟು.

"ಹಡಗಿನ್ಯಾಗ ಕಾಲ ಜಾರತಾವಂತ ಯಾರೋ ಅಂದ್ರು. ಅದಕ್ಕ ತಂದಿದ್ನಿ. ನಿನಗ ಆಗ್ತಾವೇನ ನೋಡ."

ಶೈಲಶ್ರೀ ಕಾಲು ತುರುಕಿ ನೋಡಿದಳು. ಆಕೆಯದು ಉದ್ದನೆಯ ಪಾದ, ಹಿಮ್ಮಡಿ ಹೊರಗೇ ಉಳಿಯಿತು. ಅಂಥ ಚಿಕ್ಕ ಪಾದ ಆ ಮನೆತನದಲ್ಲಿ ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಶಂಭುಲಿಂಗ ಡಬ್ಬಿಯನ್ನು ಎತ್ತಿಕೊಂಡು ಎಲೆಯ ಗೋದಾಮಿನ ಕಡೆ ಹೋದ. ಅವನ ಮೇಲೆ ಶೈಲಶ್ರೀಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಕನಿಕರ ಬಂತು. ಒಂದು ಮಾತಿಗೆ ಮುಗಿಯುವುದನ್ನು ಈ ಮಂದಿ ಬೂಟಿನಲ್ಲಿ, ಜೋಳದಲ್ಲಿ, ಹಡಗಿನಲ್ಲಿ ಹುಡುಕುತ್ತಿದ್ದಾರಲ್ಲ ಅನಿಸಿ ಅಳು ಬಂತು.

ಮತ್ತೆ ನೀಲವ್ವ ಬರುವ ದಿನ ಬಂತು. ಬಾರದೆ ಇರಲಾರಳು ಅಂತ ಶೈಲಶ್ರೀಗೆ ಗೊತ್ತಿತ್ತು, ಅವ್ವನ ಮೇಲೆ ಆಕೆಗೇನೂ ಸಿಟ್ಟಿರಲಿಲ್ಲ. ಬಂದಳು. ಬೇವಿನಗಿಡದ ಕೆಳಗೆ ಬರದೆ ಗೇಟಿನ ಹತ್ತಿರದ ಬಿಸಿಲುಕಟ್ಟೆಯ ಮೇಲೆ ಕೂತಳು. ತೊಡೆಯ ಮೇಲೆ ತನ್ನದೇ ಬುತ್ತಿ. ಮಶೀನಿನಿಂದ ಎದ್ದು ಬಂದ ಫಕ್ಕೀರವ್ವ ಗೋಡೆ ಹಿಡಿದು ನಿಂತು ಒಮ್ಮೆ ಮಗಳ ಕಡೆ ನೋಡಿದಳು, ಒಮ್ಮೆ ಸೊಸೆಯ ಕಡೆ ನೋಡಿದಳು. ಆಮೇಲೆ ಕಾಲು ಎಳೆದುಕೊಂಡು ಬಿಸಿಲುಕಟ್ಟೆಯ ಕಡೆ ನಡೆದಳು. ಶೈಲಶ್ರೀ ತೋಳು ಹಿಡಿದು ಅರ್ಧ ದಾರಿ ಹೋಗಿ ಬಿಟ್ಟಳು.

ನೀಲವ್ವ ಅವ್ವನಿಗೆ ರೊಟ್ಟಿ ಮುರಿದು ಕೊಟ್ಟಳು. ಪುಂಡಿಪಲ್ಯ, ಶೇಂಗಾಹಿಂಡಿ, ಉಪ್ಪಿನಲ್ಲಿ ನೆನೆಸಿದ ಮೆಣಸಿನಕಾಯಿ. ಅವ್ವನಿಗೆ ಪ್ರೀತಿಯದೆಂದು ನಸುಕಿನಲ್ಲೆದ್ದು ಮಾಡಿ ತಂದದ್ದು. ಪಥ್ಯದ ಅಡುಗೆ ಆಕೆ ಎಂದೂ ಮಾಡಿದವಳಲ್ಲ, ಅದು ಇಷ್ಟು ದಿನ ಶೈಲಶ್ರೀಯ ಕೆಲಸವಾಗಿತ್ತು.

ಶೈಲಶ್ರೀಗೆ ತಡೆಯಲಾಗಲಿಲ್ಲ. "ನೀಲಾ, ಅದರಾಗ ಉಪ್ಪ ಐತಿ. ಅತ್ತಿಗಿ ನಡಿಯಂಗಿಲ್ಲ."

"ಇದು ನನ್ನ ಮನಿ ಉಪ್ಪು" ಅಂದಳು ನೀಲವ್ವ, ತಿರುಗಿ ನೋಡದೆ.

ಫಕ್ಕೀರವ್ವ ಸೊಸೆಗೆ ಸುಮ್ಮನಿರು ಅಂತ ಕಣ್ಣಿನಲ್ಲೇ ಹೇಳಿ ಹಿಂಡಿಯಲ್ಲಿ ರೊಟ್ಟಿ ಅದ್ದಿಕೊಂಡಳು. ತಾಯಿ ತುತ್ತಿಟ್ಟುಕೊಂಡ ಮೇಲೆಯೇ ಮಗಳು ತುತ್ತಿಟ್ಟುಕೊಂಡಳು. ಇಬ್ಬರೂ ಉಂಡರು. ಮುದುಕಿ ಬೆರಳು ನೆಕ್ಕಿ ನೆಕ್ಕಿ ಉಂಡಳು. ಆಕೆ ಹಾಗೆ ಉಂಡದ್ದನ್ನು ಶೈಲಶ್ರೀ ನೋಡಿ ಯಾವ ಕಾಲವಾಗಿತ್ತೋ. ಖುಷಿಪಡಬೇಕೋ ಓಡಿಹೋಗಿ ಕೈ ಹಿಡಿಯಬೇಕೋ ತಿಳಿಯದೆ ಬೇವಿನಗಿಡದ ಕೆಳಗೆ ನಿಂತೇ ಇದ್ದಳು. ತಾನು ತಂದ ಬುತ್ತಿ ಬಿಚ್ಚಲಿಲ್ಲ.

ಸವಣೂರಿಗೆ ತಿರುಗಿ ಹೋಗುವ ಬಸ್ಸಿನಲ್ಲಿ ಫಕ್ಕೀರವ್ವನಿಗೆ ನೀರಡಿಕೆ ಶುರುವಾಯಿತು. ತುಟಿ ಒಣಗಿ ಬಿಳಿಚಿದ್ದವು. ಕುಡಿದ ನೀರು ಹೊರಗೆ ಹೋಗುವ ದಾರಿಯಿಲ್ಲದ ದೇಹ ಅದು, ಉಪ್ಪು ತಿಂದು ನೀರೂ ಕುಡಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಶೈಲಶ್ರೀ ಸೆರಗಿನ ತುದಿ ಒದ್ದೆ ಮಾಡಿ ಅತ್ತೆಯ ತುಟಿ ಒರೆಸಿದಳು, ಮತ್ತೆ ಒರೆಸಿದಳು.

"ಶೈಲಾ."

"ಏನ್ರಿ ಅತ್ತಿ?"

"ಆಕಿ ಬರೂ ದಿನ ನೀ ಬರಬ್ಯಾಡವಾ ಇನ್ನ. ನೀ ಅಲ್ಲಿ ನಿಂತಿದ್ರ ಆಕಿಗಿ ತುತ್ತ ಇಳಿಯಂಗಿಲ್ಲ. ಇವತ್ತ ನನ್ನ ಸಲುವಾಗಿ ಉಂಡಳು, ಕಣ್ಣಾಗ ನೀರಿತ್ತು. ನಬೀಸಾಬನ ಆಟೋಕ್ಕ ಹೇಳು. ನಾ ಒಬ್ಬಾಕೀನ ಬರ್ತೇನಿ."

"ಒಬ್ಬರ ಹೆಂಗ ಬರ್ತೀರಿ? ಮೆಟ್ಟಲಾ ಹತ್ತಾಕ ಆಗಂಗಿಲ್ಲ ನಿಮಗ. ಆಕಿಗಿ ನಿಮ್ಮ ಪಥ್ಯ ಗೊತ್ತಿಲ್ಲ. ಹಿಂಗ ಉಪ್ಪ ತಿಂದ್ರ ಬಾಳ ದಿನ..."

"ಗೊತ್ತೈತಿ" ಅಂದಳು ಫಕ್ಕೀರವ್ವ. "ಇಬ್ಬರ್ನೂ ಕೂಡ್ಸಿ ಉಣಸಾಕ ಆಗಲಿಲ್ಲ. ಆಕಿ ಒಬ್ಬಾಕಿನ್ನರ ಉಣಸ್ತೇನಿ, ಬಿಡವಾ."

ನಾನೂ ನಿಮ್ಮ ಮಗಳಲ್ಲವಾ ಅಂತ ಶೈಲಶ್ರೀಗೆ ಕೇಳಬೇಕೆನಿಸಿತು. ಕೇಳಿದರೆ ಮುದುಕಿ ಹೌದು ಅನ್ನುತ್ತಿದ್ದಳು, ಅದರಲ್ಲಿ ಅನುಮಾನವಿರಲಿಲ್ಲ. ಹೌದು ಅಂದು, ಅದಕ್ಕೇ ನಿನ್ನನ್ನ ಬರಬೇಡ ಅಂದೆ ಅನ್ನುತ್ತಿದ್ದಳು.

"ಹೂಂನ್ರಿ" ಅಂದಳು ಶೈಲಶ್ರೀ.

ಫಕ್ಕೀರವ್ವ ಎಂದಿನಂತೆ ಆಕೆಯ ಹೆಗಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಕಂಡಕ್ಟರ ಬಂದು ಇಬ್ಬರ ಆಧಾರ ಕಾರ್ಡು ಕೇಳಿದ. ಶೈಲಶ್ರೀ ಹೆಗಲು ಅಲುಗದಂತೆ ಒಂದೇ ಕೈಯಿಂದ ಚೀಲ ತಡಕಾಡಿ ಎರಡೂ ಕಾರ್ಡು ತೆಗೆದುಕೊಟ್ಟಳು.